14 ವರ್ಷದ ಮಂಡಿ ಇಂಪ್ಲಾಂಟ್ ಸಡಿಲ, ರೋಗಿಗೆ 78: ರಿವಿಷನ್ ಮಾಡಿಸಬಹುದಾ?

ಗುಡ್ಡದೂರು ಕ್ಲಿನಿಕ್ (ಪ್ರಶ್ನೆ)

ನನ್ನದು ತಾಲ್ಲೂಕು ಕೇಂದ್ರದಲ್ಲಿ ಫ್ಯಾಮಿಲಿ ಪ್ರಾಕ್ಟೀಸ್, ಮೂಳೆ ನನ್ನ ವಿಷಯ ಅಲ್ಲ. ಮನೆಯವರು ಕೇಳುವ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅಂತ ಇಲ್ಲಿ ಹಾಕುತ್ತಿದ್ದೇನೆ.

ರೋಗಿ 78ರ ಹೆಂಗಸು, ತೂಕ 58 ಕೆಜಿ. ಎರಡೂ ಮಂಡಿ 14 ವರ್ಷದ ಹಿಂದೆ ಬದಲಿಸಿದ್ದು. ಎಡಗಡೆ ಚೆನ್ನಾಗಿದೆ. ಬಲಗಡೆ ಎಂಟು ತಿಂಗಳಿಂದ ನೋವು. ಕೂತು ಎದ್ದಾಗ ಮೊದಲ ನಾಲ್ಕೈದು ಹೆಜ್ಜೆಗೆ ಜೋರು, ಆಮೇಲೆ ಇಳಿಯುತ್ತದೆ, ದೂರ ನಡೆದರೆ ಮತ್ತೆ ಶುರು. ಈಚೆಗೆ ರಾತ್ರಿಯೂ ಒಮ್ಮೊಮ್ಮೆ ಎಚ್ಚರವಾಗುತ್ತದೆ. ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿದೆ. ಜ್ವರ ಇಲ್ಲ, ಗಾಯದ ಗುರುತಿನಲ್ಲಿ ಸೋರಿಕೆ ಇಲ್ಲ, ಮಂಡಿ ಮುಟ್ಟಿದರೆ ತುಸು ಬೆಚ್ಚಗಿದೆ. ಎಕ್ಸ್‌ರೇಯಲ್ಲಿ ಕೆಳಗಿನ ಮೂಳೆಯ ಮೇಲೆ ಕೂರಿಸಿದ ಇಂಪ್ಲಾಂಟ್ ತಟ್ಟೆಯ ಅಡಿಯಲ್ಲಿ, ಒಳಮಗ್ಗುಲಿಗೆ, 2 ಮಿ.ಮೀ.ಗಿಂತ ಅಗಲದ ಕಪ್ಪು ಗೆರೆ ಇದೆ. ತಟ್ಟೆಯೇ ಒಂದು ಕಡೆಗೆ ವಾಲಿದೆ.

ಸಕ್ಕರೆ ಕಾಯಿಲೆ 20 ವರ್ಷದ್ದು, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 8.1. ಮೂರು ವರ್ಷದ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್. ಹಿಮೋಗ್ಲೋಬಿನ್ 10.4, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) 1.4. ಮಾತ್ರೆಗಳು: ಸಕ್ಕರೆಗೆ ಮೆಟ್‌ಫಾರ್ಮಿನ್ 1 ಗ್ರಾಂ ದಿನಕ್ಕೆ ಎರಡು ಸಲ, ಡಪಾಗ್ಲಿಫ್ಲೋಜಿನ್ 10, ಬಿಪಿಗೆ ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೋಥಯಜೈಡ್ 12.5, ರಕ್ತ ತೆಳುವಾಗಲು ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಕೊಬ್ಬಿಗೆ ಅಟೊರ್ವಸ್ಟಾಟಿನ್, ರಾತ್ರಿ ನಿದ್ದೆಗೆ ಆಲ್ಪ್ರಾಜೊಲಾಮ್ 0.25. ಹತ್ತು ದಿನದ ಹಿಂದೆ ಬೇರೆ ಕಡೆ ಸೆಫ್ಯುರಾಕ್ಸಿಮ್ ಆಂಟಿಬಯಾಟಿಕ್ ಐದು ದಿನ ಕೊಟ್ಟಿದ್ದಾರೆ. ನೋವು ಸ್ವಲ್ಪ ಕಮ್ಮಿ ಆಯಿತು ಅನ್ನುತ್ತಾರೆ.

ಮೂಳೆ ವೈದ್ಯರು ರಿವಿಷನ್, ಅಂದರೆ ಹಳೆಯ ಇಂಪ್ಲಾಂಟ್ ತೆಗೆದು ಹೊಸದು ಕೂರಿಸುವುದು, ಆಗಲೇಬೇಕು ಎಂದು ಮುಂದಿನ ತಿಂಗಳಿಗೆ ದಿನಾಂಕ ಕೊಟ್ಟಿದ್ದಾರೆ. ಮಗನ ಪ್ರಶ್ನೆ ಒಂದೇ: "ಮೊದಲನೇದು ಸಲೀಸಾಗಿ ಆಯ್ತಲ್ಲ, ಇದೂ ಹಾಗೇ ತಾನೇ ಡಾಕ್ಟ್ರೇ?" ಹಾಗೇ ಅಲ್ಲ ಅಂತ ಗೊತ್ತು. ಎಷ್ಟು ಬೇರೆ, ಎಲ್ಲೆಲ್ಲಿ ಬೇರೆ ಅನ್ನುವುದನ್ನು ತಿಳಿದವರು ಹೇಳಿ.

ಹುಬ್ಳಿ ಮೂಳೆ

ಡಾಕ್ಟರೇ, ದಿನಾಂಕವನ್ನು ಸದ್ಯಕ್ಕೆ ಪಕ್ಕಕ್ಕಿಡ್ರಿ. ನೀವು ಬರೆದದ್ದರಲ್ಲಿ ಸಿಆರ್‌ಪಿ ಇಲ್ಲ, ಇಎಸ್‌ಆರ್ ಇಲ್ಲ (ಎರಡೂ ಉರಿಯೂತ ತೋರಿಸುವ ರಕ್ತ ಪರೀಕ್ಷೆ), ಮಂಡಿಯಿಂದ ನೀರು ತೆಗೆದು ನೋಡಿದ್ದು ಇಲ್ಲ. ಸಡಿಲವಾದ ಇಂಪ್ಲಾಂಟ್‌ನ ಮೊದಲ ಪ್ರಶ್ನೆ "ಸೋಂಕಿದೆಯೋ ಇಲ್ಲವೋ". ಅದಕ್ಕೆ ಉತ್ತರ ಸಿಗುವ ತನಕ ಅಪಾಯದ ಲೆಕ್ಕವೇ ಶುರುವಾಗುವುದಿಲ್ಲ, ಏಕೆಂದರೆ ಇವೆರಡು ಬೇರೆ ಬೇರೆ ಆಪರೇಷನ್‌ಗಳು. ಇಂಗ್ಲೆಂಡಿನ ಅಂಕಿಗಳಲ್ಲಿ, ಸೋಂಕಿಲ್ಲದೆ ಸಡಿಲವಾದ ಮಂಡಿಯ ರಿವಿಷನ್ ನಂತರ 90 ದಿನದೊಳಗಿನ ಸಾವು ಶೇ 1ಕ್ಕಿಂತ ಕಡಿಮೆ. ಸೋಂಕಿಗಾಗಿ ಮಾಡಿದ ರಿವಿಷನ್‌ಗೆ ಶೇ 2ರ ಆಸುಪಾಸು, ಇಂಪ್ಲಾಂಟ್ ಸುತ್ತ ಮೂಳೆ ಮುರಿದು ಮಾಡಿದ್ದಕ್ಕೆ ಶೇ 5ರ ಆಸುಪಾಸು. ಇದು ಎಲ್ಲ ವಯಸ್ಸಿನವರನ್ನು ಸೇರಿಸಿ. ಈ ಅಜ್ಜಿಯ ವಯಸ್ಸು, ಹೃದಯ, ಕಿಡ್ನಿ ಸೇರಿದರೆ ಮೂರೂ ಮೇಲಕ್ಕೇ ಹೋಗುತ್ತವೆ. ಆದರೆ ಒಂದಕ್ಕೊಂದರ ಅಂತರ ನೋಡ್ರಿ. ವಯಸ್ಸಿಗಿಂತ ಕಾರಣವೇ ದೊಡ್ಡದು.

ಎದ್ದ ತಕ್ಷಣದ ನಾಲ್ಕು ಹೆಜ್ಜೆ ನೋವು ಸಡಿಲಿಕೆಯ ಲಕ್ಷಣ, ಸರಿ. ರಾತ್ರಿ ನೋವು, ಬೆಚ್ಚಗಿನ ಮಂಡಿ, ಆಂಟಿಬಯಾಟಿಕ್‌ಗೆ ಇಳಿದ ನೋವು, ಈ ಮೂರು ನನಗೆ ಹಿಡಿಸಲಿಲ್ಲ. ಆ ಸೆಫ್ಯುರಾಕ್ಸಿಮ್ ಕೊಟ್ಟವರು ಉಪಕಾರ ಮಾಡಲಿಲ್ಲ, ಇನ್ನು ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಸುಳ್ಳು ನೆಗೆಟಿವ್ ಬರಬಹುದು. ಕೊನೆಯ ಮಾತ್ರೆಯಿಂದ ಕನಿಷ್ಠ ಎರಡು ವಾರ ಬಿಟ್ಟು ನೀರು ತೆಗೆಸಿ. ಅಷ್ಟರಲ್ಲಿ ಹಳೆಯ ಎಕ್ಸ್‌ರೇಗಳನ್ನು ಹುಡುಕಿಸಿ, 14 ವರ್ಷದ್ದು ಎಷ್ಟು ಸಿಕ್ಕರೂ. ಗೆರೆ ಎಂಟು ವರ್ಷದಿಂದ ಅಲ್ಲೇ ಇದೆಯಾ, ಈ ವರ್ಷ ಬಂದಿದೆಯಾ ಎನ್ನುವುದು ಎಂಆರ್‌ಐಗಿಂತ ಮುಖ್ಯ. ತಟ್ಟೆ ವಾಲಿದೆ ಅಂದರೆ ಸಡಿಲಿಕೆ ಬಹುಪಾಲು ಖಚಿತ. ಹಾಗಿದ್ದರೂ ಸೊಂಟದ ಕೀಲಿನ ಒಂದು ಎಕ್ಸ್‌ರೇ ಇರಲಿ. ಸೊಂಟ ಸವೆದರೆ, ಬೆನ್ನಿನ ನರ ಒತ್ತಿದರೆ ನೋವು ಮಂಡಿಯಲ್ಲೇ ಕಾಣಿಸುತ್ತದೆ. ಕಾರಣ ಸಿಗದ ನೋವಿಗೆ ರಿವಿಷನ್ ಮಾಡಿದ ಮಂಡಿ ಹೆಚ್ಚಾಗಿ ನೋವಿನ ಮಂಡಿಯಾಗಿಯೇ ಉಳಿಯುತ್ತದೆ.

ಈಗ ಮಗನ ಪ್ರಶ್ನೆ. ಮೊದಲ ಸಲ ಗಟ್ಟಿ ಮೂಳೆಯ ಮೇಲೆ ಅಳತೆ ಹಿಡಿದು ಕತ್ತರಿಸಿ ಕೂರಿಸುತ್ತೇವೆ. ಎರಡನೇ ಸಲ ಕೂತಿರುವುದನ್ನು ಕೀಳಬೇಕು. ಹಳೆಯ ಕಲೆಯ ಅಂಟು ಬಿಡಿಸಬೇಕು, ತೆಳ್ಳನೆಯ ಗರಗಸ ಮತ್ತು ಉಳಿ ಹಿಡಿದು ಸಿಮೆಂಟ್ ಮತ್ತು ಲೋಹದ ನಡುವೆ ಸುತ್ತಲೂ ಬಿಡಿಸುತ್ತಾ ಬರಬೇಕು. ಅವಸರಪಟ್ಟು ಎಳೆದರೆ ಲೋಹದ ಜೊತೆ ಮೂಳೆಯೂ ಕಿತ್ತು ಬರುತ್ತದೆ, ಟೊಳ್ಳು ಮೂಳೆಯಾದರೆ ಅಲ್ಲೇ ಸೀಳುತ್ತದೆ. ತೊಡೆಯ ಕಡೆಯ ಭಾಗ ಗಟ್ಟಿಯಾಗಿ ಕೂತಿದ್ದರೂ ಸಾಮಾನ್ಯವಾಗಿ ಎರಡೂ ಬದಲಿಸಬೇಕಾಗುತ್ತದೆ, ಬಿಗಿ ಸಡಿಲದ ಸಮತೋಲ ಒಂದನ್ನೇ ಬದಲಿಸಿದರೆ ಕೂಡಿ ಬರುವುದಿಲ್ಲ. ಮೊದಲನೆಯದು ಒಂದು, ಒಂದೂವರೆ ಗಂಟೆಯ ಕೆಲಸ. ಇದು ಎರಡೂವರೆ, ಮೂರು. ತೊಡೆಗೆ ಕಟ್ಟುವ ಟೂರ್ನಿಕೆಟ್ ಎರಡು ಗಂಟೆ ದಾಟಬಾರದು. ಆಮೇಲಿನದೆಲ್ಲ ರಕ್ತ ಹರಿಯುತ್ತಲೇ ಮಾಡುವ ಕೆಲಸ.

ನನಗೆ ಎಲ್ಲಕ್ಕಿಂತ ಭಯ ಪಟೆಲ್ಲರ್ ಟೆಂಡನ್ನಿನದು, ಅಂದರೆ ಮಂಡಿ ಚಿಪ್ಪನ್ನು ಕೆಳಗಿನ ಮೂಳೆಗೆ ಕಟ್ಟಿರುವ ಪಟ್ಟಿಯದು. ಬಿಗಿಯಾದ ಮಂಡಿಯನ್ನು ಒತ್ತಾಯದಿಂದ ಮಡಿಸಿದರೆ ಅದು ಟಿಬಿಯಾದಿಂದ (ಕೆಳಗಿನ ಮೂಳೆಯಿಂದ) ಕಿತ್ತು ಬರುತ್ತದೆ. ಹಾಗಾದರೆ ಕಾಲು ನೆಟ್ಟಗೆ ಎತ್ತುವುದಕ್ಕೇ ಬರುವುದಿಲ್ಲ, ಹೊಲಿದರೂ ಮೊದಲಿನಂತಾಗುವುದು ಅಪರೂಪ. ಅದಕ್ಕೇ ಮೇಲ್ಗಡೆ ಕ್ವಾಡ್ರಿಸೆಪ್ಸ್ ಸ್ನಾಯುವಿನ ಪಟ್ಟಿಯನ್ನು ಓರೆಯಾಗಿ ಸ್ವಲ್ಪ ಕತ್ತರಿಸಿಕೊಳ್ಳುವುದು, ಇಲ್ಲವೇ ಟೆಂಡನ್ ಅಂಟಿರುವ ಮೂಳೆ ತುಂಡನ್ನೇ ಎತ್ತಿ ಆಮೇಲೆ ತಂತಿ ಅಥವಾ ಸ್ಕ್ರೂ ಹಾಕಿ ಕೂರಿಸುವುದು. ಚರ್ಮವೂ ಅಷ್ಟೇ. ಮಂಡಿ ಚರ್ಮಕ್ಕೆ ರಕ್ತ ಹೆಚ್ಚಾಗಿ ಒಳಮಗ್ಗುಲಿಂದ ಬರುತ್ತದೆ. ಹಳೆಯ ಗುರುತು ಎರಡಿದ್ದರೆ ಹೊರಗಡೆಯದನ್ನೇ ಬಳಸಬೇಕು. ಇಲ್ಲವಾದರೆ ನಡುವಿನ ಪಟ್ಟಿ ಕಪ್ಪಾಗಿ ಸತ್ತು ಇಂಪ್ಲಾಂಟ್ ಹೊರಗೆ ಕಾಣುತ್ತದೆ.

ಮೂಳೆ ಎಷ್ಟು ಹೋಗಿದೆ ಎನ್ನುವುದು ಎಕ್ಸ್‌ರೇಯಲ್ಲಿ ಯಾವಾಗಲೂ ಕಡಿಮೆಯೇ ಕಾಣುತ್ತದೆ. ಇಂಪ್ಲಾಂಟ್ ತೆಗೆದ ಮೇಲೆ ನಿಜ ಗೊತ್ತಾಗುವುದು. ಸಣ್ಣ ಗುಳಿಗೆ ಸಿಮೆಂಟ್ ಸಾಕು, ಒಂದು ಬದಿ ಹೋಗಿದ್ದರೆ ಲೋಹದ ತುಂಡು (ಆಗ್ಮೆಂಟ್), ಒಳಗೆಲ್ಲ ಟೊಳ್ಳಾಗಿದ್ದರೆ ಒಳಗೆ ತುಂಬುವ ಲೋಹದ ಕೋನ್ ಅಥವಾ ಸ್ಲೀವ್. ಎಲ್ಲಕ್ಕೂ ಮೂಳೆಯ ಕೊಳವೆಯೊಳಗೆ ಇಳಿಯುವ ಉದ್ದ ಸ್ಟೆಮ್. ಅಕ್ಕಪಕ್ಕದ ಲಿಗಮೆಂಟ್ ಸೋತಿದ್ದರೆ ಅಲುಗಾಟ ತಡೆಯುವ ಕನ್‌ಸ್ಟ್ರೇನ್ಡ್ ಇಂಪ್ಲಾಂಟ್, ಪೂರ್ತಿ ಹೋಗಿದ್ದರೆ ಬಾಗಿಲ ತಿರುಗಣಿಯಂತೆ ಜೋಡಿಸಿದ ಹಿಂಜ್. ಆವತ್ತು ಥಿಯೇಟರಿನಲ್ಲಿ ಇವೆಲ್ಲದರ ಸೆಟ್ ಇರಬೇಕು. "ಬೇಕಾದರೆ ತರಿಸೋಣ" ಅನ್ನುವ ಕಡೆ ರಿವಿಷನ್ ಬೇಡ. ಖರ್ಚಿನ ಮಾತೂ ಇಲ್ಲೇ ಬರುತ್ತದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ದರ ಮಿತಿ ಹಾಕಿತು, ನಿಜ. ಆದರೆ ರಿವಿಷನ್‌ನಲ್ಲಿ ಭಾಗಗಳ ಸಂಖ್ಯೆಯೇ ಹೆಚ್ಚು. ಸ್ಟೆಮ್, ಆಗ್ಮೆಂಟ್, ಕೋನ್ ಸೇರಿಸಿ ಬರೆದ ಅಂದಾಜನ್ನು ಮೊದಲೇ ಕೇಳಿ ಪಡೆಯಿರಿ.

ಕೊನೆಗೆ, ಮಾಡಿಸದೆ ಇರುವುದೂ ಒಂದು ದಾರಿ. ವಾಕರ್, ಬದಿಗೆ ಪಟ್ಟಿ ಇರುವ ಬ್ರೇಸ್, ಮೂರು ನಾಲ್ಕು ತಿಂಗಳಿಗೊಮ್ಮೆ ಎಕ್ಸ್‌ರೇ. ಸಮಸ್ಯೆ ಏನೆಂದರೆ ಸಡಿಲವಾದ ತಟ್ಟೆ ಸುಮ್ಮನೆ ಕೂರುವುದಿಲ್ಲ, ಪ್ರತಿ ಹೆಜ್ಜೆಗೂ ಮೂಳೆ ತಿನ್ನುತ್ತದೆ. 78ಕ್ಕೆ ಆಗ್ಮೆಂಟ್‌ನಲ್ಲಿ ಮುಗಿಯುವುದು 81ಕ್ಕೆ ಹಿಂಜ್ ಕೇಳಬಹುದು, ಅಥವಾ ನಡುವೆ ಬಿದ್ದು ಮೂಳೆ ಮುರಿದರೆ ಮೇಲೆ ಹೇಳಿದ ಮೂರನೇ ಗುಂಪಿಗೆ ಸೇರುತ್ತಾರೆ. ಮನೆಯೊಳಗೆ ಮಾತ್ರ ಓಡಾಡುವವರಾದರೆ, ಮರೆವು ಶುರುವಾಗಿದ್ದರೆ, ನಾನು ಕಾಯುವ ಕಡೆಗೇ ವಾಲುತ್ತೇನೆ. ಇವರು ಹೇಗಿದ್ದಾರೆ ನೀವು ಬರೆದಿಲ್ಲ.

ಅರಿವಳಿಕೆ ಮೈಸೂರು

ಮೇಲಿನವರು ಮಂಡಿ ನೋಡಿದರು, ನಾನು ಮಾತ್ರೆ ಪಟ್ಟಿ ನೋಡುತ್ತೇನೆ. ಈ ಪಟ್ಟಿಯಲ್ಲಿ ನಾಲ್ಕು ಕಡೆ ಕಾಲು ಜಾರುವ ಜಾಗ ಇದೆ.

ಕ್ರಿಯಾಟಿನಿನ್ 1.4 ಅಂದರೆ "ಸ್ವಲ್ಪ ಜಾಸ್ತಿ" ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿ: 140ರಿಂದ 78 ಕಳೆದರೆ 62, ಅದನ್ನು 58 ಕೆಜಿಯಿಂದ ಗುಣಿಸಿ, 72 ಗುಣಿಸು 1.4ರಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಿ. ಬರುವುದು ನಿಮಿಷಕ್ಕೆ 30 ಮಿ.ಲೀ., ಇದೇ ಕ್ಲಿಯರೆನ್ಸ್, ಕಿಡ್ನಿ ರಕ್ತ ಸೋಸುವ ವೇಗ. ಈ ಒಂದು ಸಂಖ್ಯೆ ಮುಂದಿನ ಎಲ್ಲವನ್ನೂ ಬದಲಿಸುತ್ತದೆ. ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ಥರದ ನೋವಿನ ಮಾತ್ರೆ ಈಗಿನಿಂದಲೇ ಬಂದ್. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುತ್ತಿಲ್ಲವೇ ಕೇಳಿ, ಬಹಳ ಮಂದಿ ನುಂಗುತ್ತಿರುತ್ತಾರೆ, ಹೇಳುವುದಿಲ್ಲ. ಮೆಟ್‌ಫಾರ್ಮಿನ್ ದಿನಕ್ಕೆ 2 ಗ್ರಾಂ ಈ ಕಿಡ್ನಿಗೆ ಹೆಚ್ಚು, ಅರ್ಧ ಮಾಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪರಿನ್ ಮಾಮೂಲಿ 40 ಮಿ.ಗ್ರಾಂ ಕೊಡುವ ಮೊದಲು ಡೋಸ್ ಯೋಚಿಸಬೇಕು. ನೋವಿಗೆಂದು ಪ್ರೆಗಾಬಾಲಿನ್ ಕೊಟ್ಟರೆ ಎರಡು ದಿನ ಮಂಪರು.

ಡಪಾಗ್ಲಿಫ್ಲೋಜಿನ್ ಆಪರೇಷನ್‌ಗೆ ಮೂರು ದಿನ ಮೊದಲೇ ನಿಲ್ಲಬೇಕು. ಇಲ್ಲವಾದರೆ ಉಪವಾಸ ಮತ್ತು ಆಪರೇಷನ್ ಒತ್ತಡ ಸೇರಿ ಕೀಟೋಆಸಿಡೋಸಿಸ್ (ಕೀಟೋನ್ ಏರಿ ರಕ್ತ ಆಮ್ಲವಾಗುವುದು) ಆಗಬಹುದು. ಮೋಸ ಏನೆಂದರೆ ರಕ್ತದ ಸಕ್ಕರೆ 180, 200 ಅಷ್ಟೇ ಇರುತ್ತದೆ. ವಾಂತಿ, ಉಸಿರು ಜೋರು ಕಂಡರೂ ಸಕ್ಕರೆ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ರಕ್ತದ ಕೀಟೋನ್ ನೋಡಿದರೆ ಮಾತ್ರ ಗೊತ್ತಾಗುವುದು. ಟೆಲ್ಮಿಸಾರ್ಟನ್ ಹಿಂದಿನ ದಿನ ನಿಲ್ಲಿಸಿದರೆ ಒಳ್ಳೆಯದು, ಬೆನ್ನಿನ ಅರಿವಳಿಕೆ ಇಂಜೆಕ್ಷನ್ ಆದ ಮೇಲೆ ಬಿಪಿ ಕುಸಿದರೆ ಎತ್ತುವುದು ಕಷ್ಟ. ಥಯಜೈಡ್ ಇರುವುದರಿಂದ ಸೋಡಿಯಂ ನೋಡಿ. 128 ಇದ್ದರೆ ಆಪರೇಷನ್ ಮುಂದಕ್ಕೆ.

ಕ್ಲೊಪಿಡೊಗ್ರೆಲ್ ಹಾಗೂ ಆಸ್ಪಿರಿನ್ ಎರಡೂ ಮೂರು ವರ್ಷದಿಂದ ಯಾಕೆ ನಡೆಯುತ್ತಿದೆ ಎಂದು ಹೃದಯದ ವೈದ್ಯರನ್ನು ಕೇಳಿ. ಹೆಚ್ಚಿನವರಿಗೆ ಸ್ಟೆಂಟ್ ಆಗಿ ವರ್ಷ ದಾಟಿದ ಮೇಲೆ ಒಂದೇ ಸಾಕು. ಬೆನ್ನಿಗೆ ಇಂಜೆಕ್ಷನ್ ಕೊಡಬೇಕಾದರೆ ಕ್ಲೊಪಿಡೊಗ್ರೆಲ್ 5ರಿಂದ 7 ದಿನ ನಿಂತಿರಬೇಕು, ಆಸ್ಪಿರಿನ್ 75 ನಡೆಯಲಿ. ಎರಡನ್ನೂ ರೋಗಿಯ ಮನೆಯವರೇ ನಿಲ್ಲಿಸಿಕೊಂಡು ಬರುವುದನ್ನು ತಡೆಯಿರಿ. ಸ್ಟೆಂಟ್ ಮುಚ್ಚಿಕೊಂಡರೆ ಮಂಡಿಯ ಮಾತೇ ಇರುವುದಿಲ್ಲ.

ಹಿಮೋಗ್ಲೋಬಿನ್ 10.4ಕ್ಕೆ ರಿವಿಷನ್‌ಗೆ ಇಳಿಸಬಾರದು. ಕಾರಣ ಕಿಡ್ನಿಯೋ, ಕಬ್ಬಿಣವೋ, ಎರಡು ರಕ್ತ ತೆಳುಗೊಳಿಸುವ ಮಾತ್ರೆಯಿಂದ ಹೊಟ್ಟೆಯೊಳಗೆ ಸೋರುತ್ತಿದೆಯೋ ನೋಡಿ. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಕಡಿಮೆ ಇದ್ದರೆ ಮಾತ್ರೆಗೆ ಕಾಯಬೇಡಿ, ಕಬ್ಬಿಣದ ಔಷಧಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಡ್ರಿಪ್‌ನಲ್ಲಿ, ಆಪರೇಷನ್‌ಗೆ ಮೂರು ನಾಲ್ಕು ವಾರ ಮೊದಲು. ಆವತ್ತು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಕಿಡ್ನಿಗೆ ತಕ್ಕ ಡೋಸ್‌ನಲ್ಲಿ, ಸ್ಟೆಂಟ್ ಇದೆ ಎಂದ ಮಾತ್ರಕ್ಕೆ ಬಿಡುವುದಿಲ್ಲ. ಎರಡು ಮೂರು ಯೂನಿಟ್ ರಕ್ತ ಕ್ರಾಸ್‌ಮ್ಯಾಚ್ ಆಗಿರಲಿ.

ಆಲ್ಪ್ರಾಜೊಲಾಮ್ ಸಣ್ಣ ಮಾತ್ರೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಸ್ಪತ್ರೆಗೆ ಸೇರಿದ ದಿನ ಥಟ್ಟನೆ ನಿಲ್ಲಿಸಿದರೆ ಎರಡನೇ ರಾತ್ರಿ ಡ್ರಿಪ್ ಕಿತ್ತು ಹಾಕಿ ಮಂಚ ಇಳಿಯಲು ನೋಡುತ್ತಾರೆ. ಈಗಿನಿಂದ ನಿಧಾನಕ್ಕೆ ಇಳಿಸಿ, ಆಗದಿದ್ದರೆ ಅದೇ ಡೋಸ್ ಮುಂದುವರಿಸಲು ವಾರ್ಡಿಗೆ ಬರೆದು ಕಳಿಸಿ. ವಯಸ್ಸಾದವರಲ್ಲಿ ಗೊಂದಲ ಸಾಮಾನ್ಯವಾಗಿ ಮೊದಲ ಮೂರು ದಿನದಲ್ಲಿ ಬರುತ್ತದೆ. ಗೊಂದಲ ಅಂದರೆ ಬರೀ ಕೂಗಾಟ ಅಲ್ಲ. ಸುಮ್ಮನೆ ಗೋಡೆ ನೋಡಿ ಮಲಗಿ ಊಟ ಬೇಡ ಅನ್ನುವುದೂ ಅದೇ, ಅದನ್ನೇ ಎಲ್ಲರೂ "ಸುಸ್ತು" ಅನ್ನುತ್ತಾರೆ. ಕನ್ನಡಕ, ಕಿವಿ ಯಂತ್ರ, ಹಲ್ಲಿನ ಸೆಟ್ ಆಪರೇಷನ್ ಆದ ದಿನವೇ ವಾಪಸ್ ಕೊಡಬೇಕು. ಮೂತ್ರದ ಕೊಳವೆ 24 ಗಂಟೆಗೆ ತೆಗೆಯಬೇಕು. ತುರಿಕೆಗೋ ನಿದ್ದೆಗೋ ಎಂದು ಫೆನಿರಮೈನ್, ಪ್ರೊಮೆಥಾಜಿನ್ ಬೇಡ. ನೋವಿಗೆ ತೊಡೆಯ ನರಕ್ಕೆ ಬ್ಲಾಕ್ ಮತ್ತು ಪ್ಯಾರಾಸಿಟಮಾಲ್ ದಿನಕ್ಕೆ 3 ಗ್ರಾಂ ಒಳಗೆ. ಟ್ರಾಮಡಾಲ್ ನನಗೆ ಈ ವಯಸ್ಸಿನಲ್ಲಿ ಇಷ್ಟವಿಲ್ಲ, ವಾಂತಿ, ಗೊಂದಲ ಎರಡೂ.

ಎಚ್‌ಬಿಎ1ಸಿ 8.1 ಬಗ್ಗೆ ಹುಬ್ಳಿಯವರು ಏನೂ ಹೇಳಲಿಲ್ಲ. 7.5 ದಾಟಿದರೆ ಸೋಂಕು ಹೆಚ್ಚು ಎನ್ನುವ ಕಡೆಯವಳು ನಾನು. ಎರಡು ತಿಂಗಳು ಕೊಟ್ಟರೆ ಇಳಿಯುತ್ತದೆ. ರಕ್ತದ ಪ್ರೋಟೀನ್ ಆಲ್ಬುಮಿನ್ 3.5ಕ್ಕಿಂತ ಕಡಿಮೆ ಇದ್ದರಂತೂ ಗಾಯ ಕೂಡುವುದಿಲ್ಲ, ಅದನ್ನು ನೋಡಿಸಿ.

ಗುಡ್ಡದೂರು ಕ್ಲಿನಿಕ್

ಇಬ್ಬರಿಗೂ ಧನ್ಯವಾದ. ಎಟೋರಿಕಾಕ್ಸಿಬ್ ನುಂಗುತ್ತಿದ್ದರು, ಮೇಡಂ ಹೇಳಿದ್ದು ನಿಜ. ನಿಲ್ಲಿಸಿದ್ದೇನೆ. ಆಂಟಿಬಯಾಟಿಕ್ ಮುಗಿದು 16 ದಿನಕ್ಕೆ ಜಿಲ್ಲಾ ಕೇಂದ್ರದಲ್ಲಿ ನೀರು ತೆಗೆಸಿದೆವು. 12 ಮಿ.ಲೀ., ತುಸು ಮಬ್ಬಾದ ಹಳದಿ. ಬಿಳಿ ಕಣ 2,100, ಅದರಲ್ಲಿ ನ್ಯೂಟ್ರೋಫಿಲ್ ಶೇ 62. ಸಿಆರ್‌ಪಿ ಲೀಟರಿಗೆ 18 ಮಿ.ಗ್ರಾಂ, ಇಎಸ್‌ಆರ್ 46. ಕಲ್ಚರ್ ಮೂರು ದಿನಕ್ಕೆ "ಬೆಳವಣಿಗೆ ಇಲ್ಲ" ಎಂದು ವರದಿ ಕೊಟ್ಟಿದ್ದಾರೆ. ಸೋಂಕಿಲ್ಲ ಅಂತ ತಿಳಿಯಬಹುದಾ? ಅಜ್ಜಿ ಊರೊಳಗೆ ತಾವೇ ನಡೆದು ದೇವಸ್ಥಾನಕ್ಕೆ ಹೋಗುತ್ತಿದ್ದವರು, ಲೆಕ್ಕಪತ್ರ ಇನ್ನೂ ಅವರೇ ನೋಡುವುದು. ಮರೆವಿಲ್ಲ. ಆಲ್ಬುಮಿನ್ 3.6.

ಲ್ಯಾಬ್ ಕಿಟಕಿ

ಮೂರು ದಿನಕ್ಕೆ ಮುಚ್ಚಿದ ಕಲ್ಚರ್‌ನಿಂದ ಏನೂ ತಿಳಿಯುವುದಿಲ್ಲ. ಲ್ಯಾಬಿಗೆ ಇವತ್ತೇ ಫೋನ್ ಮಾಡಿ, ಪ್ಲೇಟ್ ಮತ್ತು ಬಾಟಲಿ ಬಿಸಾಡಿಲ್ಲದಿದ್ದರೆ 14 ದಿನ ಇಡಲು ಹೇಳಿ. ಕ್ಯುಟಿಬ್ಯಾಕ್ಟೀರಿಯಂನಂಥ ನಿಧಾನದ ಕ್ರಿಮಿ ಎರಡನೇ ವಾರದಲ್ಲಿ ತಲೆ ಎತ್ತುತ್ತದೆ. ಕೃತಕ ಕೀಲಿನ ಸೋಂಕು ಮಾಮೂಲಿ ಕೀವಿನ ಹಾಗಲ್ಲ. ಕ್ರಿಮಿ ಲೋಹದ ಮೇಲೆ ಪಾಚಿಯಂತೆ ಪದರ ಕಟ್ಟಿ ಕೂತಿರುತ್ತದೆ, ನೀರಿನಲ್ಲಿ ತೇಲುವುದು ಕಡಿಮೆ. ಜ್ವರ ಇರುವುದಿಲ್ಲ, ಮಾತ್ರೆ ಆ ಪದರದೊಳಗೆ ಹೋಗುವುದಿಲ್ಲ.

2018ರ ಅಂತರರಾಷ್ಟ್ರೀಯ ಒಮ್ಮತದ ಅಂಕ ಪದ್ಧತಿ ಹಾಕಿ ನೋಡೋಣ. ಚರ್ಮದಿಂದ ಕೀಲಿನ ತನಕ ಸೋರುವ ರಂಧ್ರ ಇದ್ದರೆ ಅಥವಾ ಎರಡು ಮಾದರಿಯಲ್ಲಿ ಒಂದೇ ಕ್ರಿಮಿ ಬೆಳೆದರೆ ಅಲ್ಲಿಗೇ ಸೋಂಕು ಖಚಿತ, ಲೆಕ್ಕ ಬೇಡ. ಇವರಿಗೆ ಅವೆರಡೂ ಇಲ್ಲ. ಸಿಆರ್‌ಪಿ 10 ದಾಟಿದೆ, 2 ಅಂಕ. ಇಎಸ್‌ಆರ್ 30 ದಾಟಿದೆ, 1. ಬಿಳಿ ಕಣ 3,000 ದಾಟಿದ್ದರೆ 3 ಬರುತ್ತಿತ್ತು, ದಾಟಿಲ್ಲ. ನ್ಯೂಟ್ರೋಫಿಲ್ ಶೇ 80ಕ್ಕೆ 2 ಅಂಕ, ಅದೂ ಇಲ್ಲ. ಒಟ್ಟು 3. ಆರು ಮತ್ತು ಮೇಲೆ ಸೋಂಕು, ಸೊನ್ನೆ ಅಥವಾ ಒಂದು ಸೋಂಕಿಲ್ಲ, ಎರಡರಿಂದ ಐದು ತೀರ್ಮಾನವಾಗದ ಗುಂಪು. ನಿಮ್ಮ ರೋಗಿ ಸರಿಯಾಗಿ ನಡುವೆ ನಿಂತಿದ್ದಾರೆ. ಸಿಆರ್‌ಪಿಗೆ ಬೇರೆ ಕಾರಣ ಇದೆಯಾ ನೋಡಿ: ಮೂತ್ರ, ಹಲ್ಲು, ಒಡೆದ ಹಿಮ್ಮಡಿ, ಸಕ್ಕರೆ ಕಾಲಿನ ಹುಣ್ಣು.

ಮುಂದೆ ಎರಡನೇ ಸಲ ನೀರು ತೆಗೆಯಬೇಕು. ತೆಗೆಯುವ ರೀತಿಯಲ್ಲೇ ಅರ್ಧ ಉತ್ತರ ಇದೆ. ಚರ್ಮಕ್ಕೆ ಮರಗಟ್ಟುವ ಔಷಧಿ ಕೊಟ್ಟರೂ ಕೀಲಿನೊಳಗೆ ಹಾಕಬಾರದು, ಲಿಗ್ನೊಕೇನ್ ಕೂಡ ಕ್ರಿಮಿಯನ್ನು ಕೊಲ್ಲುತ್ತದೆ. ಕಣದ ಎಣಿಕೆಗೆ ಇಡಿಟಿಎ ಟ್ಯೂಬ್ (ಸಾದಾ ಟ್ಯೂಬಿನಲ್ಲಿ ಹೆಪ್ಪುಗಟ್ಟಿದರೆ ಎಣಿಕೆ ಸುಳ್ಳು ಕಡಿಮೆ ಬರುತ್ತದೆ, ನಿಮ್ಮ 2,100 ಯಾವುದರದ್ದು ಕೇಳಿಕೊಳ್ಳಿ). ಕಲ್ಚರಿಗೆ ಸಿರಿಂಜಿನಿಂದ ನೇರ ರಕ್ತದ ಕಲ್ಚರ್ ಬಾಟಲಿಗೆ, ಗಾಳಿ ಇರುವುದು ಮತ್ತು ಗಾಳಿ ಇಲ್ಲದ್ದು ಎರಡಕ್ಕೂ. ಹತ್ತಿಯ ಕಡ್ಡಿ ಬೇಡವೇ ಬೇಡ. ನಮ್ಮ ಕಡೆ ಕ್ಷಯ ಮತ್ತು ಶಿಲೀಂಧ್ರದ ಪರೀಕ್ಷೆಯನ್ನೂ ಚೀಟಿಯಲ್ಲಿ ಬರೆಯಬೇಕು, ಬರೆಯದಿದ್ದರೆ ಯಾರೂ ಮಾಡುವುದಿಲ್ಲ. ಆಲ್ಫಾ ಡಿಫೆನ್ಸಿನ್ ಪರೀಕ್ಷೆ (ಮಂಡಿ ನೀರಿನಲ್ಲೇ ಸೋಂಕು ಹುಡುಕುವುದು) ಸಿಗುವ ಕಡೆ ಇದ್ದರೆ ಈ ನಡುವಿನ ಗುಂಪಿಗೇ ಅದರ ಉಪಯೋಗ ಹೆಚ್ಚು.

ಇಷ್ಟಾದರೂ ಗೊತ್ತಾಗದಿದ್ದರೆ ಆಪರೇಷನ್ ದಿನ ಐದು ಬೇರೆ ಬೇರೆ ಜಾಗದಿಂದ, ಪ್ರತಿಯೊಂದಕ್ಕೂ ಹೊಸ ಬ್ಲೇಡ್ ಮತ್ತು ಫೋರ್ಸೆಪ್ಸ್ ಹಿಡಿದು, ಅಂಗಾಂಶ ಕಳಿಸಬೇಕು. ಒಂದೇ ಉಪಕರಣದಲ್ಲಿ ಐದು ತೆಗೆದರೆ ಒಂದರ ಕಲಬೆರಕೆ ಐದಕ್ಕೂ ಅಂಟುತ್ತದೆ. ಅಂಗಾಂಶದ ತುಂಡು ಪೆಥಾಲಜಿಗೂ ಹೋಗಲಿ, ಅದು ಪಾಸಿಟಿವ್ ಬಂದರೆ 3 ಅಂಕ, ಇವರ ಲೆಕ್ಕ ಆರಕ್ಕೆ ಮುಟ್ಟುತ್ತದೆ.

ಅಲ್ಲಿಯ ತನಕ ನಿಮ್ಮಿಂದ ಬೇಡುವುದು ಒಂದೇ. ಯಾರೇ ಕೇಳಲಿ, ನೋವು ಎಷ್ಟೇ ಇರಲಿ, ಆಂಟಿಬಯಾಟಿಕ್ ಕೊಡಬೇಡಿ. ಜ್ವರ, ಚಳಿ, ಮಂಡಿ ಏಕಾಏಕಿ ಊದಿದರೆ ಬೇರೆ ಮಾತು. ಆಗಲೂ ಮೊದಲು ಕಲ್ಚರ್, ಆಮೇಲೆ ಔಷಧಿ, ಅದೇ ದಿನ ಆಸ್ಪತ್ರೆ.

ಹುಬ್ಳಿ ಮೂಳೆ

ಲ್ಯಾಬಿನವರ ಮಾತಿಗೆ ಒಂದು ಸೇರಿಸುತ್ತೇನೆ, ಸೋಂಕು ಅಂತ ಆದರೆ ಏನು ಎನ್ನುವುದು ಮನೆಯವರಿಗೆ ಈಗಲೇ ಗೊತ್ತಿರಬೇಕು.

ಹೊಸದಾಗಿ ಬಂದ ಸೋಂಕು, ಅಂದರೆ ಲಕ್ಷಣ ಶುರುವಾಗಿ ಮೂರು ವಾರದೊಳಗೆ, ಇಂಪ್ಲಾಂಟ್ ಗಟ್ಟಿ ಇದ್ದರೆ ಬಿಚ್ಚಿ ತೊಳೆದು ನಡುವಿನ ಪ್ಲಾಸ್ಟಿಕ್ ಬದಲಿಸಿ ಉಳಿಸಿಕೊಳ್ಳಲು ನೋಡಬಹುದು. ಇವರಿಗೆ ಎಂಟು ತಿಂಗಳು, ತಟ್ಟೆ ಸಡಿಲ. ಆ ದಾರಿ ಇಲ್ಲ. ಉಳಿಯುವುದು ಎರಡು ಹಂತದ್ದು: ಎಲ್ಲ ತೆಗೆದು, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ ಇಟ್ಟು, ಆರು ವಾರ ಔಷಧಿ ಕೊಟ್ಟು, ಸಿಆರ್‌ಪಿ ಇಳಿದ ಮೇಲೆ ಹೊಸದು ಕೂರಿಸುವುದು. 78ರ ದೇಹಕ್ಕೆ ಮೂರು ತಿಂಗಳಲ್ಲಿ ಎರಡು ದೊಡ್ಡ ಆಪರೇಷನ್. ನಡುವೆ ನಡಿಗೆ ಬಹಳ ಕಡಿಮೆ, ತೊಡೆಯ ಸ್ನಾಯು ಕರಗುತ್ತದೆ. ಸಾಕಷ್ಟು ಹಿರಿಯರು ಎರಡನೇ ಹಂತಕ್ಕೆ ಬರುವುದೇ ಇಲ್ಲ, ಸ್ಪೇಸರಿನಲ್ಲೇ ಉಳಿದುಬಿಡುತ್ತಾರೆ. ಸ್ಪೇಸರಿನ ವ್ಯಾಂಕೊಮೈಸಿನ್, ಜೆಂಟಾಮೈಸಿನ್ ರಕ್ತಕ್ಕೂ ಇಳಿಯುತ್ತವೆ. ಕ್ಲಿಯರೆನ್ಸ್ 30 ಇರುವವರಿಗೆ ಇದು ಕಿಡ್ನಿ ಕೆಡಿಸುವ ದಾರಿ. ಡೋಸ್ ಕಡಿಮೆ ಇಟ್ಟು, ಮೊದಲ ಎರಡು ವಾರ ಕ್ರಿಯಾಟಿನಿನ್ ಎರಡು ದಿನಕ್ಕೊಮ್ಮೆ ನೋಡಬೇಕು.

ಅದಕ್ಕೇ ಈ ವಯಸ್ಸಿನಲ್ಲಿ ಕ್ರಿಮಿ ಯಾವುದು ಅಂತ ಮೊದಲೇ ಗೊತ್ತಾಗಿ, ಔಷಧಿಗೆ ಬಗ್ಗುವಂಥದ್ದಾಗಿ, ಚರ್ಮ ಚೆನ್ನಾಗಿದ್ದರೆ ನಾನು ಒಂದೇ ಹಂತದಲ್ಲಿ ಮುಗಿಸುವುದರ ಪರ. ಎಲ್ಲರೂ ಒಪ್ಪುವುದಿಲ್ಲ, ಗೊತ್ತು. ಆಪರೇಷನ್ನೇ ತಾಳದ ಸ್ಥಿತಿಯಲ್ಲಿ ಜೀವನ ಪೂರ್ತಿ ಕಡಿಮೆ ಡೋಸ್ ಆಂಟಿಬಯಾಟಿಕ್ ಕೊಟ್ಟು ಸೋಂಕನ್ನು ಅದುಮಿಡುವುದೂ ಇದೆ. ಎಲ್ಲವೂ ಸೋತರೆ ಮಂಡಿಯನ್ನು ಮಡಿಸಲಾಗದಂತೆ ಕೂಡಿಸುವುದು ಅಥವಾ ತೊಡೆಯಲ್ಲಿ ಕಾಲು ತೆಗೆಯುವುದು. ಕೊನೆಯ ಮಾತನ್ನು ಸಹಿ ಮಾಡಿಸುವಾಗ ಹೇಳುವುದಕ್ಕಿಂತ ಈಗ ಹೇಳುವುದು ಒಳ್ಳೆಯದು.

ಎಚ್‌ಬಿಎ1ಸಿ ವಿಷಯದಲ್ಲಿ ಮೈಸೂರು ಮೇಡಂಗೂ ನನಗೂ ಅಷ್ಟು ಜಗಳ ಇಲ್ಲ. ಸೋಂಕಿಲ್ಲದಿದ್ದರೆ ಎರಡು ತಿಂಗಳು ಕಾಯಲು ಅಡ್ಡಿಯಿಲ್ಲ. ಸೋಂಕಿದ್ದರೆ ಸಕ್ಕರೆ ಅದರಿಂದಲೇ ಏರಿರುತ್ತದೆ, 7.5 ಬರಲಿ ಎಂದು ಕೂತರೆ ಎರಡೂ ಕೆಡುತ್ತವೆ. ಆಗ ಇನ್ಸುಲಿನ್ ಹಾಕಿ ದಿನದ ಸಕ್ಕರೆ 180ರೊಳಗೆ ಹಿಡಿದು ಮುಂದುವರಿಯುವುದೇ.

ನಡಿಗೆ (ಫಿಸಿಯೋ, ಮಂಗಳೂರು)

ದೇವಸ್ಥಾನಕ್ಕೆ ನಡೆಯುತ್ತಿದ್ದರು, ಲೆಕ್ಕ ನೋಡುತ್ತಾರೆ ಅಂದಿರಲ್ಲ, ಆ ಎರಡು ಸಾಲು ನನಗೆ ಎಕ್ಸ್‌ರೇಗಿಂತ ಮುಖ್ಯ. ಆದರೆ ಎಂಟು ತಿಂಗಳಲ್ಲಿ ಎಷ್ಟು ಕಳೆದುಕೊಂಡಿದ್ದಾರೆ ನೋಡಬೇಕು. ಕೈ ಊರದೆ ಕುರ್ಚಿಯಿಂದ ಏಳುತ್ತಾರಾ? ನಾಲ್ಕು ಮೀಟರ್ ನಡೆಯಲು ಎಷ್ಟು ಸೆಕೆಂಡ್? ಐದು ದಾಟಿದರೆ ನಿಧಾನ, ಅದರಲ್ಲಿ ನೋವಿನ ಪಾಲೂ ಇರುತ್ತದೆ, ನಿಜ. ಎಡಗಾಲಿನ ಬಲ ಹೇಗಿದೆ? ಆಪರೇಷನ್ ಆದ ಮೇಲೆ ಎಲ್ಲ ಭಾರ ಹೊರುವುದು ಅದೇ, ಅದೂ 14 ವರ್ಷದ ಮಂಡಿ.

ಈಗ ಕಾಯುವ ಎರಡು ತಿಂಗಳು ವ್ಯರ್ಥ ಮಾಡಬೇಡಿ. ತೋಳಿರುವ ಕುರ್ಚಿಯಲ್ಲಿ ಕೂತು ಕೈ ಊರಿ ದೇಹ ಎತ್ತುವುದು, 10ರಂತೆ ದಿನಕ್ಕೆ ಮೂರು ಸಲ. ವಾಕರ್ ತಳ್ಳುವುದು ತೋಳು, ಕಾಲಲ್ಲ. ಮಲಗಿ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಸೆಕೆಂಡ್ ಹಿಡಿಯುವುದು. ವಾಕರ್ ನಡಿಗೆಯನ್ನು ಈಗಲೇ ಕಲಿಸಿ. ಆಪರೇಷನ್ ಮರುದಿನ ನೋವು, ಮಂಪರಿನಲ್ಲಿ ಹೊಸದಾಗಿ ಕಲಿಸಿದ್ದು ತಲೆಗೆ ಹೋಗುವುದಿಲ್ಲ. ಪ್ರೋಟೀನ್ ಎಷ್ಟು ಅಂತ ಕಿಡ್ನಿ ವೈದ್ಯರನ್ನು ಕೇಳಿ ತೀರ್ಮಾನಿಸಿ, ಬರೀ ಗಂಜಿ ತಿಳಿಸಾರಲ್ಲಿ ಸ್ನಾಯು ಬರುವುದಿಲ್ಲ.

ಆಪರೇಷನ್ ಆದ ಮೇಲೆ ಸರ್ಜನ್ ಬರೆದು ಕೊಡಬೇಕಾದ್ದು ಎರಡು ಸಾಲು: ಎಷ್ಟು ಭಾರ ಹಾಕಬಹುದು, ಎಷ್ಟು ಮಡಿಸಬಹುದು. ಟೆಂಡನ್ ಇರುವ ಮೂಳೆ ತುಂಡು ಎತ್ತಿದ್ದರೆ ಕಾಲು ನೆಟ್ಟಗೆ ಎತ್ತುವ ವ್ಯಾಯಾಮ ಸುಮಾರು ಆರು ವಾರ ಬೇಡ. ಮೊದಲ ಆಪರೇಷನ್‌ನ ಚೀಟಿ ಮನೆಯಲ್ಲಿ ಇರುತ್ತದೆ, "ಹೋದ ಸಲ ಇದನ್ನೇ ಮಾಡಿಸಿದ್ರು" ಎಂದು ಅದನ್ನೇ ಶುರು ಮಾಡಿ ತುಂಡು ಕಿತ್ತುಕೊಂಡು ಬರುವವರಿದ್ದಾರೆ. ಮಡಿಕೆ 90ರಿಂದ 100 ಡಿಗ್ರಿ ಸಿಕ್ಕರೆ ಸಂತೋಷಪಡಿ. ಮೊದಲ ಸಲ 120 ಬಂದಿತ್ತು ಎಂದು ಒತ್ತಬೇಡಿ. ಚಕ್ಕಳಮಕ್ಕಳ, ನೆಲದ ಊಟ, ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಇನ್ನಿಲ್ಲ ಎಂದು ಮೊದಲೇ ಹೇಳಿಬಿಡಿ. ಕಮೋಡಿನ ಮೇಲೆ ನಾಲ್ಕೈದು ಇಂಚು ಎತ್ತರಿಸುವ ಸೀಟು, ಪಕ್ಕದಲ್ಲಿ ಹಿಡಿಕೆ. ಬಚ್ಚಲ ಹೊಸ್ತಿಲು, ಜಾರುವ ಕಡಪಾ ಕಲ್ಲು, ಕಾಲೊರೆಸುವ ಹಳೇ ಸೀರೆ ತುಂಡು, ಇವನ್ನು ಅವರು ಆಸ್ಪತ್ರೆಯಲ್ಲಿ ಇರುವಾಗಲೇ ಸರಿ ಮಾಡಿ. ಬೀಳುವುದು ಹೆಚ್ಚಾಗಿ ರಾತ್ರಿ ಮೂತ್ರಕ್ಕೆ ಎದ್ದಾಗ. ಮಂಚದ ಪಕ್ಕದಿಂದ ಬಚ್ಚಲ ತನಕ ದೀಪ ಉರಿಯುತ್ತಿರಲಿ.

ಹುಬ್ಳಿ ಮೂಳೆ

ಫಿಸಿಯೋ ಅವರು ಬೀಳುವ ಮಾತು ತೆಗೆದದ್ದು ಒಳ್ಳೆಯದಾಯಿತು. ಮೂಳೆ ಟೊಳ್ಳಾಗಿದ್ದರೆ ಸ್ಟೆಮ್ಮಿನ ತುದಿಯಲ್ಲೇ ಮುರಿಯುವುದು. ಡೆಕ್ಸಾ (ಮೂಳೆ ಸಾಂದ್ರತೆಯ ಸ್ಕ್ಯಾನ್) ಮಾಡಿಸಿ, ವಿಟಮಿನ್ ಡಿ ನೋಡಿ. ಆದರೆ ಮೂಳೆ ಗಟ್ಟಿಯಾಗಲು ವರ್ಷಕ್ಕೊಂದು ಸಲ ಕೊಡುವ ಜೊಲೆಡ್ರೊನಿಕ್ ಆಸಿಡ್ ಕ್ಲಿಯರೆನ್ಸ್ 35ರ ಕೆಳಗೆ ಕೊಡುವಂತಿಲ್ಲ, ಇವರಿಗೆ 30. ಡೆನೊಸುಮಾಬ್ ಯೋಚಿಸಬಹುದು, ಕ್ಯಾಲ್ಸಿಯಂ ಸರಿಮಾಡಿದ ಮೇಲೆ, ಮತ್ತು ಒಮ್ಮೆ ಶುರು ಮಾಡಿದರೆ ಆರು ತಿಂಗಳ ಸೂಜಿ ತಪ್ಪಿಸದಂತೆ.

ಮನೆಗೆ ಬಂದ ಮೇಲೆ ನಿಮ್ಮ ಕ್ಲಿನಿಕ್ಕಿಗೇ ಮೊದಲು ಬರುತ್ತಾರೆ, ಅದಕ್ಕೆ ಇದನ್ನು ಬರೆದಿಟ್ಟುಕೊಳ್ರಿ: ಹೊಲಿಗೆಯಿಂದ ಮೂರು ದಿನ ದಾಟಿಯೂ ಸೋರುತ್ತಿದ್ದರೆ ಸರ್ಜನ್‌ಗೆ ಫೋನ್, ಐದನೇ ದಿನಕ್ಕೂ ನಿಲ್ಲದಿದ್ದರೆ ವಾಪಸ್ ಕಳಿಸಿ. ಡ್ರೆಸಿಂಗ್ ಮಾಡಿ ಆಂಟಿಬಯಾಟಿಕ್ ಮಾತ್ರೆ ಬರೆದು ಒಂದು ವಾರ ನೋಡುವುದು ಬೇಡ, ಆ ವಾರದಲ್ಲೇ ಪದರ ಕಟ್ಟುವುದು.

ಇನ್ನೊಂದು ಕೆಲಸ ಇವತ್ತೇ ಆಗಬಹುದು. 14 ವರ್ಷದ ಹಿಂದಿನ ಆಸ್ಪತ್ರೆಯಿಂದ ಆಪರೇಷನ್ ಟಿಪ್ಪಣಿ ಮತ್ತು ಇಂಪ್ಲಾಂಟ್ ಸ್ಟಿಕ್ಕರ್ ತರಿಸಿ. ಕಂಪನಿ, ಮಾದರಿ, ಸೈಜ್, ಲಾಟ್ ನಂಬರ್ ಅದರಲ್ಲಿರುತ್ತವೆ. ಒಂದು ಕಂಪನಿಯ ಪ್ಲಾಸ್ಟಿಕ್ ಇನ್ನೊಂದರ ತಟ್ಟೆಗೆ ಕೂರುವುದಿಲ್ಲ, ಕೆಲವನ್ನು ಕೀಳಲು ಅದೇ ಕಂಪನಿಯ ಉಪಕರಣ ಬೇಕು. ಕಡತ ಸಿಗದಿದ್ದರೆ ಎದುರಿನ ಮತ್ತು ಪಕ್ಕದ ಎಕ್ಸ್‌ರೇ ಎರಡನ್ನೂ ಸರ್ಜನ್‌ಗೆ ಈಗಲೇ ಕಳಿಸಿಬಿಡಿ. ಆಕಾರ ನೋಡಿ ಮಾದರಿ ಗುರುತಿಸಿ ಸೆಟ್ ತರಿಸಲು ಅವರಿಗೂ ದಿನ ಬೇಕು.